ಮೊದಲ ಸೌಟು

ಆಲೂಗಡ್ಡೆಯನ್ನು ಬಿಲ್ಲೆಯಾಗಿ ಹೆಚ್ಚಬೇಕೋ ಚೌಕವಾಗಿ ಹೆಚ್ಚಬೇಕೋ ಎಂಬುದು ಜಗತ್ತಿನ ಬೇರೆ ಮನೆಗಳಲ್ಲಿ ಹೇಗೋ ಏನೋ, ಆ ಮನೆಯಲ್ಲಿ ಮಾತ್ರ ಒಬ್ಬ ಮನುಷ್ಯನ ಮುಂದಿನ ಬದುಕನ್ನೇ ತೀರ್ಮಾನಿಸುವಷ್ಟು ಭಾರವಾದ ವಿಷಯವಾಗಿತ್ತು. ಆದ್ದರಿಂದ ಆ ಭಾನುವಾರ ಮಧ್ಯಾಹ್ನ ಅವನು ಸುಲಿದ ಆಲೂಗಡ್ಡೆಯೊಂದನ್ನು ಎಡಗೈಯಲ್ಲಿ ಹಿಡಿದು, ಚಾಕುವನ್ನು ಅದರ ಮೇಲೆ ಆನಿಸಿ, ತೀರ್ಪು ಓದುವ ಮುಂಚೆ ನ್ಯಾಯಾಧೀಶರು ಗಂಟಲು ಸರಿಮಾಡಿಕೊಳ್ಳುವಂತೆ ಸಣ್ಣಗೆ ಕೆಮ್ಮಿದ. ಚೌಕವಾಗಿ ಹೆಚ್ಚಿದರೆ ಅದು ಬರೀ ಊಟ: ಕೋಳಿ, ತರಕಾರಿ, ಓವನ್ನು, ತಿಂದು ಕೈ ತೊಳೆದು ಮಲಗುವುದು. ಬಿಲ್ಲೆಯಾಗಿ ಹೆಚ್ಚಿ, ಒಂದರ ಮೇಲೊಂದು ಅರ್ಧ ಕೂರುವಂತೆ ಮೀನಿನ ಹುರುಪೆಯ ಹಾಗೆ ಪಾತ್ರೆಯ ಮೇಲೆಲ್ಲ ಹೊದಿಸಿದರೆ ಅದು ‘ಸಮಾಧಾನ’. ಹೆಸರಿಟ್ಟವನು ಅಪ್ಪ, ತಮಾಷೆಗೆ. ಮಾಡುತ್ತಿದ್ದವಳು ಅಮ್ಮ, ತಮಾಷೆಗಲ್ಲ. ಕೆಟ್ಟ ಸುದ್ದಿಯನ್ನು ಹಸಿದ ಹೊಟ್ಟೆಗೆ ಹೇಳಬಾರದೆಂಬುದು ಅವಳ ಸಿದ್ಧಾಂತ. ಮನೆಯಲ್ಲಿ ಯಾರಿಗಾದರೂ ಹೇಳಬಾರದ್ದನ್ನು ಹೇಳಲೇಬೇಕಾಗಿ ಬಂದ ದಿನ ಅವಳು ಭಾರದ ಕಬ್ಬಿಣದ ಪಾತ್ರೆಯನ್ನು ಇಳಿಸುತ್ತಿದ್ದಳು. ಎಲ್ಲರೂ ಮೇಜಿಗೆ ಬಂದು ಕೂತ ಮೇಲೆ, ಕೆಂಪಗೆ ಗರಿಗರಿಯಾದ ಬಿಲ್ಲೆಗಳನ್ನು ಸೌಟಿನ ಅಂಚಿನಿಂದ ಒಡೆದು, ಅಡಿಯ ಕೋಳಿ, ಕ್ಯಾರೆಟ್ಟು, ಬಟಾಣಿಯ ಸಮೇತ ಮೊದಲ ಸೌಟನ್ನು ಯಾರ ತಟ್ಟೆಗೆ ಹಾಕುತ್ತಿದ್ದಳೋ ಸುದ್ದಿ ಅವರದ್ದು. ಯಾರೂ ಕೇಳುತ್ತಿರಲಿಲ್ಲ. ಆ ಮನುಷ್ಯ ಅರ್ಧ ತಟ್ಟೆ ಮುಗಿಸುವ ತನಕ ಅಮ್ಮ ಬಾಯಿ ಬಿಡುತ್ತಿರಲಿಲ್ಲ.

ಅಪ್ಪನ ಅಚ್ಚುಕೂಟ ಮುಚ್ಚಿದ ಸುದ್ದಿ ಅಪ್ಪನಿಗೇ ಹಾಗೆ ಸಿಕ್ಕಿತ್ತು. ಮಾಲೀಕ ಅದನ್ನು ಅಪ್ಪನ ಮುಖಕ್ಕೆ ಹೇಳಲಾರದೆ ಅಮ್ಮನಿಗೆ ಹೇಳಿಹೋಗಿದ್ದ. ತಮ್ಮ ಸಾಕಿದ ನಾಯಿ ಲಾರಿಯಡಿಗೆ ಸಿಕ್ಕಿದ್ದು ತಮ್ಮನಿಗೆ ಹಾಗೆ ತಿಳಿದಿತ್ತು. ಅವನು ತಟ್ಟೆ ನೋಡಿದವನೇ ಗೋಳೋ ಎಂದು ಅತ್ತು, ಅಳುತ್ತಲೇ ಎರಡನೇ ಸಲ ಹಾಕಿಸಿಕೊಂಡಿದ್ದ. ಅಕ್ಕನಿಗೆ ನಿಶ್ಚಯವಾಗಿದ್ದ ಗಂಡಿನ ಮನೆಯವರು ಬೇಡವೆಂದು ಹೇಳಿಕಳಿಸಿದ ಸಂಜೆಯೂ ಅದೇ. ಆ ಸಂಜೆ ಮಾತ್ರ ನಡುವಿನ ಮಗನಾದ ಅವನಿಗೆ ಮುಂಚೆಯೇ ಗೊತ್ತಿತ್ತು, ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದ. ಮೀಸೆ ಚಿಗುರುವ ವಯಸ್ಸು. ಮೇಜಿನ ಆಚೆಬದಿಯಲ್ಲಿ ಅಕ್ಕ ಹೊಸ ರವಿಕೆ ತೊಟ್ಟು, ಇವತ್ತಿನ ಪಾಳಿ ಯಾರದ್ದೋ ಪಾಪ ಎಂದು ತಮ್ಮನಿಗೆ ಕಣ್ಣು ಮಿಟುಕಿಸುತ್ತಿದ್ದಾಗ ಅವನ ಹೊಟ್ಟೆಯಲ್ಲಿ ಏನೋ ಬೆಚ್ಚಗೆ ಹರಿದಿತ್ತು. ಅದು ಮರುಕವೆಂದು ಅವನು ಬಹಳ ವರ್ಷ ನಂಬಿದ್ದ. ಅದು ಮರುಕವಲ್ಲ, ಗೊತ್ತಿರುವವನ ಸುಖ ಎಂಬುದು ಈಗ ಆಲೂಗಡ್ಡೆ ಹಿಡಿದು ನಿಂತಾಗ ಹೊಳೆಯಿತು. ಯಾಕೆಂದರೆ ಅದೇ ಬಿಸಿ ಈಗಲೂ ಹರಿಯುತ್ತಿತ್ತು. ಕೊನೆಯ ಸಮಾಧಾನವನ್ನು ಅಪ್ಪ ಮಾಡಿದ್ದ. ವೈದ್ಯರು ಅಮ್ಮನ ವಿಷಯದಲ್ಲಿ ಕೈಚೆಲ್ಲಿದ ದಿನ. ಅಮ್ಮ ತನ್ನ ತಟ್ಟೆಗೆ ಬಿದ್ದ ಮೊದಲ ಸೌಟನ್ನು ನೋಡಿ, ಒಂದು ತುತ್ತು ಬಾಯಿಗಿಟ್ಟು, ಆಲೂಗಡ್ಡೆ ಬೆಂದಿಲ್ಲ ಎಂದಳು.

ಅವನು ಬಿಲ್ಲೆಯಾಗಿ ಹೆಚ್ಚಿದ. ಹೆಚ್ಚಿದ ಮೇಲೆ ಸ್ವಲ್ಪ ಹಗುರಾಯಿತು.

ವಿಷಯ ಇಷ್ಟೇ. ಅಕ್ಕ ಆ ಮನೆಯ ಹಿಂದಿನ ಕೋಣೆಯಲ್ಲಿದ್ದಳು, ಮದುವೆಯಾಗಿರಲಿಲ್ಲ, ಬಟ್ಟೆ ಒಗೆದು ಇಸ್ತ್ರಿ ಮಾಡುವ ದೊಡ್ಡ ಅಂಗಡಿಯೊಂದರಲ್ಲಿ ಕಲೆ ತೆಗೆಯುವ ಮೇಜಿನ ಮುಂದೆ ಕೂತು ಕೂತು ನಿವೃತ್ತಳಾಗಿದ್ದಳು, ಮತ್ತು ಉಪ್ಪು ಹಾಕುತ್ತಿದ್ದಳು. ಅವನ ಹೆಂಡತಿ ಏನೇ ಮಾಡಿಡಲಿ, ಅವಳು ಅತ್ತ ಬೆನ್ನು ತಿರುಗಿಸಿದ ಕೂಡಲೇ ಅಕ್ಕ ಇತ್ತ ಬಂದು ಮುಚ್ಚಳ ತೆಗೆದು ಒಂದು ಚಿಟಿಕೆ ಉದುರಿಸಿ ಹೋಗುವಳು. ರುಚಿ ನೋಡಿಯಲ್ಲ. ನೋಡಿ ಹಾಕಿದ್ದರೆ ಜಗಳವಾದರೂ ಆಡಬಹುದಿತ್ತು ಎಂದು ಹೆಂಡತಿ ಹೇಳುತ್ತಿದ್ದಳು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬ ಗಾದೆ ಕಟ್ಟಿದವರ ಮನೆಯಲ್ಲಿ ಗಂಡನ ಅಕ್ಕ ಇರಲಿಲ್ಲವೆಂದೂ ಅವಳೇ ಒಮ್ಮೆ ಹೇಳಿದ್ದಳು, ಅದಕ್ಕೆ ಅವನು ನಕ್ಕಿದ್ದ, ನಕ್ಕಿದ್ದಕ್ಕೆ ಎರಡು ದಿನ ಮಾತಿರಲಿಲ್ಲ. ಹೆಂಡತಿ ಉಪ್ಪು ಕಡಿಮೆ ಹಾಕತೊಡಗಿದಳು, ಅಕ್ಕ ಎರಡು ಚಿಟಿಕೆ ಹಾಕತೊಡಗಿದಳು. ಹೆಂಡತಿ ಹಾಕುವುದನ್ನೇ ಬಿಟ್ಟಳು. ಅವತ್ತು ಅಕ್ಕ ಕೈ ತಡೆದಳು, ಊಟ ಸಪ್ಪೆಯಾಯಿತು, ತಪ್ಪು ಹೆಂಡತಿಯ ಮೇಲೆ ಬಿತ್ತು. ಚಳಿಗಾಲ ಮುಗಿಯುವ ಹೊತ್ತಿಗೆ ಹೆಂಡತಿ ಬಾತ್ರೂಮಿನ ನಲ್ಲಿ ಬಿಟ್ಟುಕೊಂಡು ಅಳುವುದನ್ನು ಕಲಿತಿದ್ದಳು. ಒಂದು ಬೆಳಿಗ್ಗೆ, ಅವನ ಅಂಗಿಗೆ ಗುಂಡಿ ಹಾಕುತ್ತ, ಬಹಳ ಸಮಾಧಾನದಿಂದ, ಈ ಮನೆಯಲ್ಲಿ ಒಂದೋ ಆ ಕೈ ಇರಬೇಕು, ಇಲ್ಲ ನಾನಿರಬೇಕು ಎಂದಳು.

ಅವನದು ಕನ್ನಡಕದಂಗಡಿ. ಕತ್ತಲೆ ಕೋಣೆಯಲ್ಲಿ ಜನರನ್ನು ಕೂರಿಸಿ, ಒಂದಾದ ಮೇಲೊಂದು ಗಾಜು ಬದಲಿಸುತ್ತ, ಈಗ ಚೆನ್ನಾಗಿ ಕಾಣುತ್ತೋ ಆಗಲೋ, ಇದೋ ಅದೋ ಎಂದು ಕೇಳುವುದೇ ಅವನ ದಿನವಿಡೀ ಕೆಲಸ. ಉತ್ತರ ಹೇಳುವವರು ಎದುರಿಗಿರುವವರು. ಇಪ್ಪತ್ತು ವರ್ಷ ಹೀಗೆ ಕೇಳಿದ ಮೇಲೆ ತನಗೊಂದು ಉತ್ತರವಿರಬಹುದೆಂಬ ಅನುಮಾನವೂ ಅವನಲ್ಲಿ ಉಳಿದಿರಲಿಲ್ಲ. ಅವನು ಹೆಂಡತಿಯ ಮಾತನ್ನು ತಮ್ಮನಲ್ಲಿಗೆ ಒಯ್ದ. ತಮ್ಮ ಹಲ್ಲಿನ ಡಾಕ್ಟರು, ಕೀಳುವುದನ್ನು ಮುಂದೂಡುವವನಲ್ಲ. ರೋಗಿಗಳೆಲ್ಲ ಹೋದ ಮೇಲೆ ಕ್ಲಿನಿಕ್ಕಿನಲ್ಲಿ ನಾಲ್ವರೂ ಸೇರಿದರು: ಅವನು, ಹೆಂಡತಿ, ತಮ್ಮ, ತಮ್ಮನ ಹೆಂಡತಿ. ಇದ್ದ ಮೂರು ಕುರ್ಚಿ ಉಳಿದವರಿಗಾಗಿ, ಅವನಿಗೆ ರೋಗಿಯ ಕುರ್ಚಿಯೇ ಗತಿಯಾಯಿತು. ಅದು ಹಿಂದಕ್ಕೆ ಒರಗಿತು. ಚಾವಣಿ ನೋಡುತ್ತ, ಕಾಲು ಮೇಲಕ್ಕೆ, ಗದ್ದದ ಮೇಲೆ ದೀಪ ತೂಗುತ್ತಿರಲು, ಅವನು ಅಕ್ಕನನ್ನು ಊರಾಚೆಯ ಮಹಿಳಾ ವಸತಿಗೃಹಕ್ಕೆ ಕಳಿಸುವ ನಿರ್ಧಾರದಲ್ಲಿ ಪಾಲುಗೊಂಡ. ಕೋಣೆ ಖಾಲಿಯಿದೆಯಂತೆ. ಬಿಸಿಲು ಬೀಳುತ್ತದಂತೆ. ಅಡುಗೆಗೆ ಜನರಿದ್ದಾರಂತೆ, ಅಕ್ಕ ಕೈ ಹಾಕಬೇಕಾದ್ದೇ ಇಲ್ಲವಂತೆ. ಭಾನುವಾರ ಎಲ್ಲರೂ ಊಟಕ್ಕೆ ಸೇರಿದಾಗ ಹೇಳುವುದೆಂದಾಯಿತು, ಹೇಳುವುದು ಯಾರು ಎಂಬಲ್ಲಿಗೆ ಬಂದಾಗ ಮೂವರೂ ಕೆಳಗೆ ಬಗ್ಗಿ ಅವನ ಮುಖ ನೋಡಿದರು, ಅವನ ಬಾಯಿ ತನ್ನಷ್ಟಕ್ಕೆ ತೆರೆದುಕೊಂಡಿತು. ಅದನ್ನು ಅವರು ಒಪ್ಪಿಗೆ ಎಂದುಕೊಂಡರು.

ಕೋಳಿಯ ತೊಡೆಗಳು ಬೆಣ್ಣೆಯಲ್ಲಿ ಚರ್ಮ ಕೆಳಗಾಗಿ ಸಿಡಿಯುತ್ತಿದ್ದವು. ಅವನ್ನು ಹೊಂಬಣ್ಣಕ್ಕೆ ತಂದು ತೆಗೆದಿಟ್ಟು, ಅದೇ ಜಿಡ್ಡಿನಲ್ಲಿ ಈರುಳ್ಳಿ ಹಾಕುವಾಗ ಹಿಂದಿನ ಕೋಣೆಯ ಬಾಗಿಲು ಕಿರುಗುಟ್ಟಿತು. ಚಪ್ಪಲಿಯ ಸಪ್ಪಳ ಹತ್ತಿರವಾಗಿ, ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿತು. ಅವನು ತಿರುಗಿ ನೋಡಲಿಲ್ಲ. ಅಕ್ಕನ ಕಣ್ಣು ಒಲೆ ನೋಡಿ, ಪಾತ್ರೆ ನೋಡಿ, ಹಲಗೆಯ ಮೇಲೆ ಒಪ್ಪವಾಗಿ ಪೇರಿಸಿದ ಬಿಲ್ಲೆಗಳನ್ನು ನೋಡಿ ಅಲ್ಲೇ ತಂಗಿದ್ದು ಅವನ ಕತ್ತಿನ ಹಿಂಭಾಗಕ್ಕೆ ಗೊತ್ತಾಯಿತು.

“ಯಾರಿಗೋ ಮರಿ?” ಎಂದಳು ಅಕ್ಕ.

ಈಗ ಹೇಳಬಹುದಿತ್ತು. ಪ್ರಶ್ನೆಯೇ ಬಾಗಿಲು ತೆರೆದು ಬನ್ನಿ ಎನ್ನುತ್ತಿತ್ತು. ನಿನಗೆ ಎಂಬ ಮೂರೇ ಅಕ್ಷರ. ಅವನು ಈರುಳ್ಳಿಯನ್ನು ಮಗುಚಿ, ಯಾರಿಗೂ ಇಲ್ಲ, ಸುಮ್ಮನೆ, ಭಾನುವಾರ ಅಂತ, ಎಂದ. ಅಕ್ಕ ನಕ್ಕಳು. ಸುಮ್ಮನೆ ಈ ಮನೆಯಲ್ಲಿ ಯಾರೂ ಆಲೂಗಡ್ಡೆ ಬಿಲ್ಲೆ ಮಾಡಿದವರಿಲ್ಲ ಎಂದು ಸ್ಟೂಲು ಎಳೆದು ಕೂತು, ಅವನ ಕೈಯಿಂದ ಕ್ಯಾರೆಟ್ಟು ಕಿತ್ತುಕೊಂಡು ಹೆಚ್ಚತೊಡಗಿದಳು. ಅವಳ ಮುಖದಲ್ಲಿ ಎಷ್ಟೋ ಕಾಲದಿಂದ ಕಾಣದ ಕಳೆ ಬಂದಿತ್ತು. ಅವಳು ಸಂತಳಾಗಿದ್ದರೆ ಅವನಿಗೆ ಈ ಮಧ್ಯಾಹ್ನ ಇನ್ನೂ ಕಷ್ಟವಾಗುತ್ತಿತ್ತೇನೋ. ಪುಣ್ಯಕ್ಕೆ ಅವಳು ಸಂತಳಲ್ಲ. ಅವಳು ಲೆಕ್ಕ ಹಾಕತೊಡಗಿದಳು, ಇನ್ನೊಬ್ಬರ ಮನೆಯ ಜಗಳಕ್ಕೆ ಕಿಟಕಿ ಪರದೆ ಸರಿಸುವವರ ಉತ್ಸಾಹದಿಂದ. ತಮ್ಮನಿಗಾಗಿದ್ದರೆ ತಮ್ಮನ ಹೆಂಡತಿ ಇಷ್ಟು ಹೊತ್ತಿಗೆ ಊರಿಗೆಲ್ಲ ಸಾರಿರುತ್ತಿದ್ದಳು. ಆ ರೇಡಿಯೋಗೆ ಆರಿಸುವ ಗುಂಡಿಯನ್ನೇ ದೇವರು ಇಟ್ಟಿಲ್ಲ. ರೇಡಿಯೋಗೇ ಆಗಿದ್ದರೆ? ಆಗಬಹುದು. ಕ್ಲಿನಿಕ್ಕಿನಲ್ಲಿ ಹೊಸ ಹುಡುಗಿ ಬಂದಿದ್ದಾಳೆ, ಹಲ್ಲು ಚೆನ್ನಾಗಿವೆ. ಆದರೆ ಅದನ್ನು ಹೇಳಲು ತಮ್ಮ ಇಲ್ಲಿಗೆ ಯಾಕೆ ಬರುತ್ತಾನೆ, ಅವನ ಮನೆಯಲ್ಲಿ ಓವನ್ನಿಲ್ಲವೇ. ಕ್ಯಾರೆಟ್ಟಿನ ಚೂರುಗಳು ಹಲಗೆಯ ಮೇಲೆ ಸಾಲಾಗಿ ಬೀಳುತ್ತಿದ್ದವು. ತನ್ನ ಹೆಸರನ್ನು ಅವಳು ಒಂದು ಸಲವೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ ಎಂಬುದನ್ನು ಅವನು ಗಮನಿಸಿದ. ಅವಳ ಪಾಳಿ ಎಂದೋ ಮುಗಿದಿತ್ತು. ಒಬ್ಬ ಮನುಷ್ಯನಿಗೆ ಒಂದು ಸಲ ಎಂದು ಅವಳು ನಂಬಿದ್ದಳು.

ಆಮೇಲೆ ಚಾಕು ನಿಂತಿತು. ಅಕ್ಕ ಬಾಗಿಲ ಕಡೆ ನೋಡಿ, ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು, ದನಿ ತಗ್ಗಿಸಿದಳು.

“ನಿನ್ನ ಹೆಂಡ್ತಿಗಾ? ಕೊನೆಗೂ ಧೈರ್ಯ ಮಾಡಿದ್ಯಾ?”

ಯಾವ ಧೈರ್ಯ ಎಂದು ಕೇಳಬೇಕಿತ್ತು. ಕೇಳಿದ್ದರೆ ಮಾತು ಅಲ್ಲಿಗೇ ಮುರಿಯುತ್ತಿತ್ತು. ಅವನು ಕೇಳಲಿಲ್ಲ, ಯಾಕೆಂದರೆ ಕೇಳದೆಯೇ ಅರ್ಥವಾಗಿತ್ತು, ಮತ್ತು ಅರ್ಥವಾದ ಕ್ಷಣ ಅವನೊಳಗೆ ಒಂದು ಖಾನೆ ತಾನಾಗಿ ತೆರೆದು, ಅದರೊಳಗೆ ಎಲ್ಲ ಸಿದ್ಧವಾಗಿ ಮಡಚಿಟ್ಟಿರುವುದು ಕಾಣಿಸಿತು: ಅಂಗಡಿಯ ಮೇಲಿನ ಖಾಲಿ ಕೋಣೆ, ಒಂದೇ ಮಂಚ, ಒಂದೇ ಲೋಟ, ಬೆಳಿಗ್ಗೆ ಯಾರೂ ಗುಂಡಿ ಹಾಕದ ಅಂಗಿ. ಇದನ್ನೆಲ್ಲ ತಾನು ಯಾವಾಗ ಮಡಚಿಟ್ಟೆ? ಅವನಿಗೆ ಹೆಂಡತಿಯ ಮೇಲೆ ಕೋಪವಿರಲಿಲ್ಲ. ಇದ್ದದ್ದು ಬರೀ ಒಂದು ದಣಿವು, ಅದಕ್ಕೆ ಹೆಸರಿಟ್ಟಿರಲಿಲ್ಲ, ಈಗ ಅಕ್ಕ ಇಟ್ಟಳು. ಅದಕ್ಕಿಂತ ಹೆಚ್ಚಾಗಿ, ಧೈರ್ಯ ಎಂಬ ಪದವನ್ನು ತನ್ನ ಬಗ್ಗೆ ಯಾರಾದರೂ ಬಳಸಿ ಎಷ್ಟು ಕಾಲವಾಗಿತ್ತು. ಅಕ್ಕ ಅವನನ್ನು ಮೊದಲ ಸಲ ಸೈಕಲ್ಲು ಬಿಟ್ಟವನನ್ನು ನೋಡುವಂತೆ ನೋಡುತ್ತಿದ್ದಳು. ಅವನು ಪಾತ್ರೆಯೊಳಗೆ ಬಗ್ಗಿ, ಹಬೆಗೆ ಕಣ್ಣು ಕೊಟ್ಟು, ತಲೆಯನ್ನು ಒಂದಿಷ್ಟು ಅಲ್ಲಾಡಿಸಿದ. ಹೌದೆಂದೂ ಅಲ್ಲ, ಅಲ್ಲವೆಂದೂ ಅಲ್ಲ; ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವರು ತಲೆ ಅಲ್ಲಾಡಿಸುವ ರೀತಿ. ಆದರೆ ಹಾಗೆ ಅಲ್ಲಾಡಿಸಿದ ತಲೆಯನ್ನು ಎದುರಿಗಿರುವವರು ತಮಗೆ ಬೇಕಾದ ಕಡೆಗೇ ಓದುತ್ತಾರೆ.

ಅಕ್ಕನ ಮುಖದ ಹುರುಪು ನಿಧಾನವಾಗಿ ಇಳಿಯಿತು. ಅದರ ಜಾಗಕ್ಕೆ ಬಂದದ್ದನ್ನು ಅವನು ನಿರೀಕ್ಷಿಸಿರಲಿಲ್ಲ. ಗೆದ್ದ ಸಂತೋಷ ಬರಬೇಕಿತ್ತು. ಬಂದದ್ದು ಸಂಕಟ. ಅವಳು ಬಟಾಣಿಯ ಬಟ್ಟಲನ್ನು ಅತ್ತ ಇತ್ತ ಸರಿಸಿ, ಪಾಪದ್ದು, ಅದಕ್ಕಾದರೂ ಯಾರಿದ್ದಾರೆ ಎಂದಳು. ತಾನೇನೋ ಅದನ್ನು ಕಾಡಿದ್ದು ನಿಜ, ಆದರೆ ಇಷ್ಟಕ್ಕೆ ಅಂತಲ್ಲ. ಅಷ್ಟು ಹೇಳಿ ಎದ್ದು ಕೈ ತೊಳೆದಳು. ಹೋಗುವ ಮುಂಚೆ ಒಲೆಯ ಬಳಿ ನಿಂತಳು. ಅವಳ ಕೈ ಅಭ್ಯಾಸಬಲದಿಂದ ಉಪ್ಪಿನ ಜಾಡಿಯತ್ತ ಹೋಗಿ, ಮುಚ್ಚಳ ಮುಟ್ಟಿ, ಹಿಂದಕ್ಕೆ ಬಂತು. ಅವನು ಅದನ್ನು ಓರೆಗಣ್ಣಲ್ಲಿ ನೋಡಿದ. ಎಷ್ಟೋ ತಿಂಗಳಿಂದ ಮನೆ ಒಡೆಯುತ್ತಿದ್ದ ಕೈ, ಅವನ ಒಂದು ಸುಳ್ಳಿಗೆ, ಅದೂ ಬಾಯಿಬಿಟ್ಟು ಆಡದ ಸುಳ್ಳಿಗೆ, ತಾನಾಗಿ ಹಿಂದಕ್ಕೆ ಬಂದಿತ್ತು.

ತರಕಾರಿಯ ಮೇಲೆ ಕೋಳಿ, ಕೋಳಿಯ ಮೇಲೆ ಸಾರು, ಮೆಣಸು. ಬಿಲ್ಲೆಗಳನ್ನು ಹೊರಗಿನಿಂದ ಒಳಗೆ ಸುತ್ತು ಸುತ್ತಾಗಿ ಜೋಡಿಸುತ್ತ ಬಂದ. ಕೈಗಳಿಗೆ ಕೆಲಸ ಹಿತವಾಗಿತ್ತು. ಓವನ್ನಿನ ಬಾಗಿಲು ಮುಚ್ಚಿ ತಿರುಗಿದಾಗ ಮನೆಯೊಳಗೆ ನಲ್ಲಿಯ ಶಬ್ದವಿಲ್ಲ ಎಂಬುದು ಗಮನಕ್ಕೆ ಬಂತು. ಹೆಂಡತಿ ಭಾನುವಾರ ಮಧ್ಯಾಹ್ನಗಳಲ್ಲಿ ಮಲಗುವ ಕೋಣೆಯ ಬಾಗಿಲು ಹಾಕಿಕೊಂಡಿರುವುದು ರೂಢಿ. ಇವತ್ತು ಅದು ಅರ್ಧ ತೆರೆದಿತ್ತು. ಒಳಗೆ ಹೆಂಡತಿ ಕನ್ನಡಿಯ ಮುಂದೆ ಸ್ಟೂಲಿನ ಮೇಲೆ ಕೂತಿದ್ದಳು. ಅಕ್ಕ ಹಿಂದೆ ನಿಂತು ಅವಳ ತಲೆ ಬಾಚುತ್ತಿದ್ದಳು. ಸಿಕ್ಕನ್ನು ತುದಿಯಿಂದ ಬಿಡಿಸಿಕೊಂಡು ಬರುತ್ತ, ಬುಡವನ್ನು ಮುಷ್ಟಿಯಲ್ಲಿ ಹಿಡಿದು, ಒಂದು ಕೂದಲೂ ಎಳೆಯದಂತೆ. ಬಟ್ಟೆಯ ನೂಲು ಏಳದಂತೆ ಕಲೆ ತೆಗೆಯುವವರ ತಾಳ್ಮೆ. ಮಂಚದ ಮೇಲೆ ಹೆಂಡತಿಯ ನೀಲಿ ಉಡುಪು ಇಸ್ತ್ರಿಯಾಗಿ ಮಲಗಿತ್ತು. ಅಕ್ಕ ಏನೋ ಹೇಳುತ್ತಿದ್ದಳು, ಅಮ್ಮ ಬದುಕಿದ್ದರೆ ನಿನ್ನನ್ನು ಮೆಚ್ಚುತ್ತಿದ್ದಳು ಎಂಬಂಥದ್ದು. ಹೆಂಡತಿ ಕನ್ನಡಿಯಲ್ಲಿ ತನ್ನ ಮುಖವನ್ನಲ್ಲ, ಬಾಚುವ ಕೈಯನ್ನು ನೋಡುತ್ತಿದ್ದಳು. ಇಬ್ಬರೂ ಒಬ್ಬರಿಗಾಗಿ ಇನ್ನೊಬ್ಬರು ಮರುಗುತ್ತಿದ್ದರು, ಇಬ್ಬರಿಗೂ ಇನ್ನೊಬ್ಬರ ಮರುಕದ ಕಾರಣ ಗೊತ್ತಿರಲಿಲ್ಲ. ಅಷ್ಟೂ ಗೊತ್ತಿದ್ದವನು ಬಾಗಿಲ ಹಿಂದೆ ನಿಂತಿದ್ದ. ಹೊಟ್ಟೆಯಲ್ಲಿ ಆ ಬಿಸಿ ಈ ಸಲ ಹರಿಯಲಿಲ್ಲ.

ಸ್ವಲ್ಪ ಹೊತ್ತಿನಲ್ಲೇ ಹೆಂಡತಿ ಅಡುಗೆಮನೆಗೆ ಬಂದಳು. ಕಣ್ಣು ಕೆಂಪಗಿತ್ತು, ಜಡೆ ಮದುವೆಯ ವರ್ಷದ್ದರಂತೆ ಬಿಗಿಯಾಗಿ ಕೂತಿತ್ತು.

“ಇವತ್ತು ಹೇಳ್ಬೇಡಿ,” ಎಂದಳು. “ಇವತ್ತಲ್ಲ, ಯಾವತ್ತೂ ಬೇಡ. ಇರ್ಲಿ ಬಿಡಿ ಅವರು.”

ಯಾಕೆ ಎಂದು ಅವನು ಕೇಳಿದ. ಕೇಳಿದ ದನಿಯಲ್ಲಿ ಕಿರಿಕಿರಿಯಿತ್ತು, ಅದು ಅವನಿಗೇ ಆಶ್ಚರ್ಯ. ಹೆಂಡತಿ ಜಡೆಯ ತುದಿ ಹಿಡಿದು ನಿಂತಳು. ಯಾರೂ ತನ್ನ ತಲೆ ಮುಟ್ಟಿ ಯಾವ ಕಾಲವಾಯಿತೋ ಎಂದಳು. ಉಪ್ಪು ತಾನೇ, ಸಾಯಲಿ, ತಿಂದರಾಯಿತು ಎಂದಳು. ಮೈದುನನಿಗೆ ಫೋನು ಮಾಡಿ ಬೇಡವೆಂದು ಹೇಳಿಬಿಡಿ, ಅವರು ಸುಮ್ಮನೆ ಊಟ ಮಾಡಿಕೊಂಡು ಹೋಗಲಿ. ಅವಳು ಅವನ ತೋಳು ಮುಟ್ಟಿ ಹೋದಳು.

ಇಲ್ಲಿಗೆ ಅವನು ಬದುಕಿಕೊಂಡಿರಬೇಕಿತ್ತು. ಬೇಡದ ಕೆಲಸ, ಬೇಕೆಂದವರೇ ಬೇಡವೆಂದರು. ಇನ್ನೇನು, ಫೋನೆತ್ತುವುದು, ಬಿಲ್ಲೆಗಳನ್ನು ಚಮಚದಿಂದ ಕಲಕಿ ಆಕಾರ ಕೆಡಿಸುವುದು, ಇದು ಬರೀ ಊಟ ಎಂದು ಸಾರುವುದು. ಅವನು ಫೋನಿನ ತನಕ ಹೋದ. ಅಂಕಿ ಒತ್ತುವ ಬೆರಳು ಅರ್ಧಕ್ಕೆ ನಿಂತಿತು. ಅಕ್ಕ? ಇವತ್ತು ಮೇಜಿನಲ್ಲಿ ಹೆಂಡತಿಯ ಪಾಲಿನ ಕೆಟ್ಟ ಸುದ್ದಿಗಾಗಿ ಎದೆ ಗಟ್ಟಿಮಾಡಿಕೊಂಡು ಕಾಯುತ್ತಿರುವ ಅಕ್ಕ, ಅದು ಬಾರದಿದ್ದರೆ ಸುಮ್ಮನಿರುತ್ತಾಳೆಯೇ? ಮೊದಲು ಹಾಗಲ್ಲ ಹೀಗೆ ಎಂದು ಅಕ್ಕನಿಗೆ ಹೇಳಬೇಕು. ಹಾಗಲ್ಲ ಎಂದರೆ, ಮತ್ತೆ ಹೇಗೆ ಎನ್ನುತ್ತಾಳೆ. ಹೀಗೆ ಎಂದು ಹೇಳಿದರೆ ಸುದ್ದಿಯನ್ನೇ ಹೇಳಿದಂತಾಯಿತು. ಸುಮ್ಮನೆ ಎಂದರೆ, ಸುಮ್ಮನೆ ಎಂಬುದನ್ನು ಅವಳು ಆಗಲೇ ನಕ್ಕು ತಳ್ಳಿಹಾಕಿಯಾಗಿದೆ. ಅತ್ತ ದರಿ, ಇತ್ತ ಪುಲಿ, ನಡುವೆ ಓವನ್ನು.

ಹಿಂದಿನ ಕೋಣೆಯ ಬಾಗಿಲು ತಟ್ಟಿ ಒಳಗೆ ಹೋದ. ಬಹಳ ದಿನವಾಗಿತ್ತು ಅವನು ಆ ಕೋಣೆಗೆ ಬಂದು. ಗೋಡೆಗೆ ಒತ್ತಿದ ಕಿರಿದಾದ ಮಂಚ, ಮಡಚಿಟ್ಟ ಹೊದಿಕೆಯ ನಾಲ್ಕು ಮೂಲೆಗಳೂ ಕೂಡಿದ್ದವು, ಕಿಟಕಿಯಲ್ಲಿ ಒಂದು ಒಣಗಿದ ಸೋಪಿನ ತುಂಡು. ಅಕ್ಕ ಬೂದು ಬಣ್ಣದ ಉಣ್ಣೆಯಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಳು, ಯಾರಾದರೂ ತೀರಿಕೊಂಡ ಮನೆಗೆ ಹೋಗುವಾಗ ತೊಡುತ್ತಿದ್ದದ್ದು. ಅವನಿಗೆ ಮಾತು ಶುರುಮಾಡಲು ಅವಳು ಬಿಡಲಿಲ್ಲ. ತಾನು ಎಲ್ಲ ಯೋಚಿಸಿಟ್ಟಿದ್ದೇನೆ ಎಂದಳು. ತಾನು ಅದರ ಪಕ್ಕದಲ್ಲೇ ಕೂರುವುದು. ಅತ್ತರೆ ಒಳಗೆ ಕರೆದುಕೊಂಡು ಹೋಗುವುದು. ಇವತ್ತು ರಾತ್ರಿ ಅದು ತನ್ನ ಮಂಚದ ಮೇಲೆ ಮಲಗಲಿ, ತಾನು ನೆಲಕ್ಕೆ ಹಾಸಿಕೊಳ್ಳುತ್ತೇನೆ. ರೇಡಿಯೋ ಬಾಯಿ ತೆರೆದರೆ ತಾನು ನೋಡಿಕೊಳ್ಳುತ್ತೇನೆ. ಅವನು ನಿಂತೇ ಇದ್ದ. ಅಕ್ಕ ಹತ್ತಿರ ಬಂದು ಅವನ ಕಾಲರು ಸರಿಮಾಡಿದಳು.

“ನಿಂಗೆ ಬಾಯಿ ಬರಲ್ಲ, ಗೊತ್ತು ನಂಗೆ. ನಡುವೆ ನಿಂತುಹೋದ್ರೆ ಹೆದರ್ಬೇಡ. ನಾನೇ ಹೇಳ್ತೀನಿ.”

ಅಕ್ಕಾ ಎಂದ ಅವನು. ಅವಳು ಕಾದಳು. ಕೋಣೆಗೆ ಯಾರೂ ಬರಲಿಲ್ಲ, ಯಾವ ಗಂಟೆಯೂ ಬಾರಿಸಲಿಲ್ಲ, ಅವನಿಗೆ ಅಡ್ಡಿಮಾಡಲು ಜಗತ್ತಿನಲ್ಲಿ ಒಂದು ನೊಣವೂ ಹಾರಲಿಲ್ಲ. ಓವನ್ ನೋಡಬೇಕು, ತಳ ಹಿಡಿದೀತು ಎಂದು ಹೇಳಿ ಅವನು ಹೊರಗೆ ಬಂದ.

ಮುಚ್ಚಳ ತೆಗೆದು ಮೇಲ್ಭಾಗ ಕೆಂಪಾಗಲು ಬಿಟ್ಟಾಗ ಮನೆಯಲ್ಲೆಲ್ಲ ಅಮ್ಮನ ಕಾಲದ ವಾಸನೆ ತುಂಬಿತು. ತಮ್ಮ ಮತ್ತು ತಮ್ಮನ ಹೆಂಡತಿ ಬಂದರು. ತಮ್ಮ ಬೂಟು ಬಿಚ್ಚುತ್ತ ಮೂಗರಳಿಸಿ, ಅಣ್ಣನ ಕಡೆ ನೋಡಿ, ರೋಗಿಗೆ ಅರಿವಳಿಕೆ ಹತ್ತಿತೋ ಎಂದು ಕೇಳುವ ಹಾಗೆ ಹುಬ್ಬು ಏರಿಸಿದ. ತಮ್ಮನ ಹೆಂಡತಿ ಒಳಗೆ ಬರುತ್ತಲೇ ದಾರಿಯ ಗುಂಡಿ, ಪಕ್ಕದ ಮನೆಯ ಹೊಸ ಬಾಗಿಲು, ತನ್ನ ಮೊಣಕಾಲು ಮೂರನ್ನೂ ಒಂದೇ ವಾಕ್ಯದಲ್ಲಿ ಮುಗಿಸಿ, ಅಕ್ಕನನ್ನು ಕಂಡು ಒಮ್ಮೆಲೇ ನಿಲ್ಲಿಸಿದಳು. ಆ ಮೌನ ಎಲ್ಲರಿಗೂ ಕೇಳಿಸಿತು. ಅಕ್ಕ ಅದನ್ನು ತನ್ನ ಲೆಕ್ಕಕ್ಕೆ ಸೇರಿಸಿಕೊಂಡು, ಅಂದರೆ ಇವಳಿಗೂ ಗೊತ್ತಿದೆ ಎಂಬಂತೆ, ಅವನ ಹೆಂಡತಿಯ ಕುರ್ಚಿಯನ್ನು ತನ್ನ ಕುರ್ಚಿಗೆ ಇನ್ನಷ್ಟು ಹತ್ತಿರ ಎಳೆದಳು.

ಐವರೂ ಕೂತರು. ಅವನು ಕಬ್ಬಿಣದ ಪಾತ್ರೆಯನ್ನು ಬಟ್ಟೆ ಸುತ್ತಿ ತಂದು ಮೇಜಿನ ನಡುವೆ ಇಟ್ಟ. ಬಿಲ್ಲೆಗಳು ಅಂಚಿನಲ್ಲಿ ಕಂದು, ನಡುವೆ ಹೊನ್ನು. ಸಂದಿಗಳಲ್ಲಿ ಸಾರು ಇನ್ನೂ ಗುಳುಗುಳು ಎನ್ನುತ್ತಿತ್ತು. ಇಷ್ಟು ಚೆನ್ನಾಗಿ ಅಮ್ಮನಿಗೂ ಬಂದಿರಲಿಲ್ಲ ಎಂದು ಅವನಿಗೆ ಅನ್ನಿಸಿತು, ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಹೆಂಡತಿ ಅವನ ಕಣ್ಣನ್ನು ಹುಡುಕಿ, ಬೇಡ ಎಂದು ರೆಪ್ಪೆಯಲ್ಲೇ ಹೇಳಿದಳು. ಅವನು ಸೌಟು ಕೈಗೆತ್ತಿಕೊಂಡ. ಯಾರ ತಟ್ಟೆಗಾದರೂ ಹಾಕಲೇಬೇಕಲ್ಲ. ತನಗೇ ಹಾಕಿಕೊಂಡರೆ? ಆ ಯೋಚನೆ ಬಂದು, ಅದರ ಬೆನ್ನಿಗೇ ನಾಲ್ಕು ಮುಖಗಳು ನಿನಗೇನಾಯಿತು ಎಂದು ತನ್ನತ್ತ ತಿರುಗುವುದು ಕಾಣಿಸಿ, ಹೇಳಲು ತನಗೆ ಒಂದು ಕಾಯಿಲೆಯೂ ಇಲ್ಲವೆಂಬುದು ನೆನಪಾಯಿತು. ತಮ್ಮನಿಗೆ ಹಾಕಿದರೆ? ತಮ್ಮ ಅಲ್ಲೇ ಬಾಯಿಬಿಟ್ಟು ಹೇಳಿಬಿಡುತ್ತಾನೆ. ಸೌಟಿನ ಅಂಚು ಬಿಲ್ಲೆಗಳನ್ನು ಒಡೆಯಿತು. ಹಬೆ ಎದ್ದಿತು. ಆ ಹೊತ್ತಿಗೆ ಅಕ್ಕ ಅವನ ಹೆಂಡತಿಯ ಕೈಯನ್ನು ತನ್ನ ಎರಡೂ ಕೈಗಳ ನಡುವೆ ತೆಗೆದುಕೊಂಡು, ನೋಡು ಮಗು, ಗಂಡಸರು ಏನೋ ಒಂದು ಹೇಳ್ತಾರೆ, ಅದನ್ನೇ ಮನಸ್ಸಿಗೆ ಹಚ್ಚಿಕೊಂಡು, ಎಂದು ಶುರುಮಾಡಿದಳು. ಹೆಂಡತಿ, ಏನು ಅಕ್ಕ, ಎನ್ನುತ್ತ ನಗುಮುಖದಿಂದ ಅವಳ ಕಡೆ ತಿರುಗಿದಳು. ಇನ್ನೊಂದು ವಾಕ್ಯ, ಅರ್ಧ ವಾಕ್ಯ ಸಾಕಿತ್ತು. ಅವನ ಕೈ ಮೇಜಿನ ಮೇಲೆ ಚಾಚಿತು. ಮೊದಲ ಸೌಟು ಅಕ್ಕನ ತಟ್ಟೆಗೆ ಬಿತ್ತು.

ಅಕ್ಕನ ಮಾತು ನಿಂತಿತು, ಅದೊಂದೇ ಅವನಿಗೆ ಬೇಕಾಗಿದ್ದದ್ದು. ಅವಳು ತಟ್ಟೆ ನೋಡಿದಳು. ಒಂದು ತೊಡೆ, ನಾಲ್ಕೈದು ಬಟಾಣಿ, ಎರಡು ಬಿಲ್ಲೆ. ಆಮೇಲೆ, ವಯಸ್ಸಾದವರು ಅಂಗಡಿಯಲ್ಲಿ ಚಿಲ್ಲರೆ ಹೆಚ್ಚು ಕೊಟ್ಟವನನ್ನು ನೋಡುವಂತೆ ಅವನನ್ನು ಅಕ್ಕರೆಯಿಂದ ನೋಡಿ, ಗಾಬರೀಲಿ ತಪ್ಪಿ ನನಗೆ ಹಾಕಿದೀಯ ಎಂದು ತಟ್ಟೆಯನ್ನು ಅವನ ಹೆಂಡತಿಯ ಮುಂದಕ್ಕೆ ತಳ್ಳಿದಳು.

“ತಪ್ಪಿಲ್ಲ ಅಕ್ಕ,” ಎಂದ ಅವನು. “ಅದು ನಿಂದೇ.” ತಟ್ಟೆಯನ್ನು ವಾಪಸು ಅವಳ ಮುಂದಕ್ಕೆ ಸರಿಸಿದ.

ತಮ್ಮ ಇದನ್ನು ಸೂಚನೆ ಎಂದುಕೊಂಡ. ಅರ್ಧ ತಟ್ಟೆ ಮುಗಿಯುವ ತನಕ ಕಾಯಬೇಕೆಂಬ ಅಮ್ಮನ ನಿಯಮ ಅವನಿಗೆ ನೆನಪಿರಲಿಲ್ಲವೋ, ಇನ್ನೊಬ್ಬರ ದವಡೆಗೆ ಕಾಯುವುದು ಅವನ ವೃತ್ತಿಯಲ್ಲೇ ಇರಲಿಲ್ಲವೋ, ಹಿತವಾದ ಗಟ್ಟಿ ದನಿಯಲ್ಲಿ ಹೇಳಿ ಮುಗಿಸಿದ: ವಸತಿಗೃಹ, ಬಿಸಿಲು ಬೀಳುವ ಕೋಣೆ, ಅಡುಗೆಗೆ ಜನ, ನಾಳಿದ್ದರಿಂದ. ಮೊದಲು ಒಂಚೂರು ಚುರುಕ್ ಅನ್ನುತ್ತೆ ಅಕ್ಕ, ಆಮೇಲೆ ಅಲ್ಲೊಂದು ಇತ್ತು ಅನ್ನೋದೇ ಮರೆತುಹೋಗುತ್ತೆ ಎಂದ. ತಮ್ಮನ ಹೆಂಡತಿ, ಅಲ್ಲಿ ಹೂವಿನ ತೋಟವೂ ಇದೆಯಂತೆ ಎಂದು ಸೇರಿಸಿ ನಿಲ್ಲಿಸಿದಳು. ಅವಳಿಗೂ ಅದಕ್ಕಿಂತ ಹೆಚ್ಚು ಸಿಗಲಿಲ್ಲ.

ಅವನ ಹೆಂಡತಿ ಎದ್ದುನಿಂತಿದ್ದಳು. ಅವಳು ತಮ್ಮನನ್ನು ನೋಡಲಿಲ್ಲ, ಅಕ್ಕನನ್ನೂ ನೋಡಲಿಲ್ಲ. ಗಂಡನನ್ನು ನೋಡಿ, “ನಾನು ಬೇಡ ಅಂದಿದ್ನಲ್ಲ,” ಎಂದಳು, ಬರೀ ಉಸಿರಿನಲ್ಲಿ.

ಅಕ್ಕ ಅಲ್ಲಿಯ ತನಕ ತಟ್ಟೆಯನ್ನೇ ನೋಡುತ್ತಿದ್ದವಳು ಆ ಮಾತಿಗೆ ಮಾತ್ರ ತಲೆಯೆತ್ತಿದಳು. ವಸತಿಗೃಹ, ಬಿಸಿಲು, ಹೂವಿನ ತೋಟ ಅವಳ ಕಿವಿಗೆ ಬಿದ್ದಂತೆಯೇ ಇರಲಿಲ್ಲ.

“ಹಂಗಾದ್ರೆ ನಿಂಗೂ ಗೊತ್ತಿತ್ತಾ?” ಎಂದು ಕೇಳಿದಳು. “ತಲೆ ಬಾಚುವಾಗ್ಲೂ ಗೊತ್ತಿತ್ತಾ?”

ಹೆಂಡತಿಯ ಜಡೆ ಭುಜದ ಮೇಲಿಂದ ಮುಂದಕ್ಕೆ ಬಂದಿತ್ತು. ಅದನ್ನು ಹಿಂದಕ್ಕೆ ಹಾಕುವುದೋ ಅಲ್ಲೇ ಬಿಡುವುದೋ ಗೊತ್ತಾಗದೆ ಕೈ ಗಾಳಿಯಲ್ಲಿ ನಿಂತಿತ್ತು. ಅವಳು ಕೂತಳು.

ಈಗ ಅಕ್ಕ ಅವನ ಕಡೆ ತಿರುಗಿದಳು. ಅವನು ಕಾದ. ಅವಳ ಬಳಿ ಒಂದು ಮಾತಿತ್ತು, ಈ ಮೇಜನ್ನು ನಡುವೆ ಸೀಳಬಲ್ಲ ಮಾತು: ಇವನು ಇದು ನಿನಗೆ ಅಂದಿದ್ದ ಕಣೇ. ಅವಳು ಅದನ್ನು ಆಡಿದರೆ ತನ್ನ ಗತಿಯೇನೆಂದು ಅವನು ನೋಡಬಲ್ಲವನಾಗಿದ್ದ, ಅಷ್ಟು ಸ್ಪಷ್ಟವಾಗಿ ಅವನು ಜೀವನದಲ್ಲಿ ಬೇರೇನನ್ನೂ ನೋಡಿರಲಿಲ್ಲ. ಆಡಲಿ ಎಂದೂ ಒಂದು ಕ್ಷಣ ಅನ್ನಿಸಿತು. ಅಕ್ಕ ಅವನ ಮುಖವನ್ನು ಮೂಲೆಯಿಂದ ಮೂಲೆಗೆ ಓದಿದಳು, ಅಂಗಡಿಯಲ್ಲಿ ಗಿರಾಕಿ ತಂದ ಬಟ್ಟೆಯನ್ನು ಬೆಳಕಿಗೆ ಹಿಡಿದು, ಇದು ಹೋಗುವ ಕಲೆಯಲ್ಲ ಎಂದು ವಾಪಸು ಮಡಚಿಕೊಡುವವರ ಹಾಗೆ. ಆಮೇಲೆ ಚಮಚ ತೆಗೆದುಕೊಂಡು ತಿನ್ನತೊಡಗಿದಳು. ನಿಧಾನವಾಗಿ, ಎಲುಬು ಬಿಡಿಸಿ, ಒಂದು ಬಟಾಣಿಯೂ ಬಿಡದೆ ತಿಂದಳು. ತಟ್ಟೆ ಖಾಲಿಯಾದಾಗ ಯಾರನ್ನೂ ನೋಡದೆ, ಚೆನ್ನಾಗಿ ಬಂದಿದೆ ಎಂದಳು. ಉಳಿದವರಿಗೂ ಬಡಿಸೋ, ಆರಿಹೋಗುತ್ತೆ ಎಂದಳು.

ಅವನು ಬಡಿಸಿದ. ಅವಳು ಹೇಳುವುದಿಲ್ಲ ಎಂಬುದು ಖಚಿತವಾದ ಕೂಡಲೇ ಅವನ ಮೈ ಎಲ್ಲ ಕಡೆಯಿಂದಲೂ ಸಡಿಲಾಯಿತು, ಕಿವಿಯಲ್ಲಿ ಬಿಗಿದಿದ್ದದ್ದು ಬಿಟ್ಟಿತು, ಮತ್ತು ತನಗೆ ವಿಪರೀತ ಹಸಿವಾಗಿದೆ ಎಂಬುದು ಗೊತ್ತಾಯಿತು. ಬೆಳಗಿನಿಂದ ಏನೂ ತಿಂದಿರಲಿಲ್ಲ. ಅವನು ತಿಂದ. ತಮ್ಮ ಎರಡನೇ ಸಲ ಹಾಕಿಸಿಕೊಂಡ, ಅವನೂ ಹಾಕಿಕೊಂಡ. ಕೋಳಿ ಎಲುಬಿನಿಂದ ತಾನಾಗಿ ಕಳಚಿಕೊಳ್ಳುತ್ತಿತ್ತು, ಕ್ಯಾರೆಟ್ಟು ಸಿಹಿಯಾಗಿತ್ತು, ಬಿಲ್ಲೆಗಳು ಮೇಲೆ ಗರಿಗರಿ, ಅಡಿಯಲ್ಲಿ ಬೆಣ್ಣೆಯಂತೆ. ಹೆಂಡತಿಯ ತಟ್ಟೆಯಲ್ಲಿ ಹಾಕಿದ್ದು ಹಾಕಿದಂತೆಯೇ ಆರಿ, ಸಾರಿನ ಮೇಲೆ ಬಿಳಿಯ ಜಿಡ್ಡು ಕಟ್ಟಿತು.

ಪಾತ್ರೆ ತೊಳೆಯುವಾಗ ಹೆಂಡತಿ, ಬೆನ್ನು ತಿರುಗಿಸಿಕೊಂಡೇ, ಯಾಕೆ ಎಂದು ಕೇಳಿದಳು. ಅವನು ಒಣಗಿದ ಬಟ್ಟೆಯಿಂದ ತಟ್ಟೆ ಒರೆಸುತ್ತಿದ್ದ. ಬಹಳ ಯೋಚಿಸಿ, ಅಡುಗೆ ಮಾಡಿ ಆಗಿತ್ತಲ್ಲ ಎಂದ.

ಮಂಗಳವಾರ ತಮ್ಮನ ಕಾರಿನಲ್ಲಿ ಅಕ್ಕನನ್ನು ವಸತಿಗೃಹಕ್ಕೆ ಬಿಟ್ಟುಬಂದರು. ಹಿಂದಿನ ಕೋಣೆಯಲ್ಲಿ ಈಗ ಹೆಚ್ಚುವರಿ ಕುರ್ಚಿಗಳನ್ನು ಇಟ್ಟಿದ್ದಾರೆ.